ಹಳೆ ಫೈಬರ್ ಬೋಟ್ ನೋಡಲಿಕ್ಕೆ ಹೊರಟಿದ್ದೇವೆ, ಎಲ್ಲಿಂದ ಶುರು ಮಾಡಬೇಕು?

ಘಟ್ಟದ_ಮೇಲಿನವ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯವ, ಅಡಿಕೆ ತೋಟದವ. ದೋಣಿ ಬಗ್ಗೆ ನನಗೆ ಗೊತ್ತಿರೋದು ಅದು ತೇಲ್ತದೆ ಅನ್ನೋದಷ್ಟೇ. ಕುಮಟಾ ಕಡೆ ಅಘನಾಶಿನಿ ದಂಡೆಯಲ್ಲಿ ನಮ್ಮ ಭಾವನ ಹೋಮ್‌ಸ್ಟೇ ಇದೆ. ಮನೆಯವರು ಆಚೆ ದಡಕ್ಕೆ ಓಡಾಡಲಿಕ್ಕೆ, ಸಾಮಾನು ತರಲಿಕ್ಕೆ, ಮುಂದೆ ಪರವಾನಗಿ ಸಿಕ್ಕರೆ ಅತಿಥಿಗಳನ್ನ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಕಡೆ ಒಂದು ಸುತ್ತು ಕರ್ಕೊಂಡು ಹೋಗಲಿಕ್ಕೆ ಅಂತ ಇಬ್ಬರೂ ಸೇರಿ ಮೋಟಾರ್ ಬೋಟ್ ಹುಡುಕ್ತಾ ಇದ್ದೇವೆ.

ಕಾರವಾರದ ಹತ್ತಿರ ಒಂದು ಸಿಕ್ಕಿದೆ. 21 ಅಡಿ ಫೈಬರ್, 2011ರಲ್ಲಿ ಕಟ್ಟಿದ್ದಂತೆ, ಗೋವಾದಲ್ಲಿ ಜಲಕ್ರೀಡೆಗೆ ಓಡ್ತಿತ್ತಂತೆ. 40 ಎಚ್‌ಪಿ ಟೂ ಸ್ಟ್ರೋಕ್ ಓಬಿಎಂ, ಅಂದ್ರೆ ಬೋಟಿನ ಹಿಂದೆ ಹೊರಗಡೆ ಕಚ್ಚಿಸೋ ಎಂಜಿನ್. ಮೂರೂಕಾಲು ಲಕ್ಷ ಹೇಳ್ತಾರೆ. ಫೋಟೊದಲ್ಲಿ ಹೊಸ ಬೋಟಿನಷ್ಟೇ ಹೊಳೀತಾ ಇದೆ. ಮಳೆಗಾಲದೊಳಗೆ ತಗೊಂಡು ಹೋಗಿ ಅಂತ ಒಂದೇ ಒತ್ತಾಯ. ನೋಡಲಿಕ್ಕೆ ಹೋದಾಗ ಎಲ್ಲಿಂದ ಶುರು ಮಾಡಬೇಕು ಹೇಳಿ.

ಬೈತಖೋಲ್_ಮಿಸ್ತ್ರಿ

ಹಿಂದೆ ಹೋಗಿ ನಿಲ್ಲಿ. ಎಂಜಿನ್ ಕಚ್ಚಿಕೊಂಡಿರೋ ಹಿಂಬದಿಯ ಹಲಗೆ ಇದೆಯಲ್ಲ, ಟ್ರಾನ್ಸಮ್ ಅಂತಾರೆ, ಅಲ್ಲಿಂದಲೇ ಶುರು. ಬೇರೆ ಯಾವುದನ್ನೂ ಅದಕ್ಕಿಂತ ಮೊದಲು ನೋಡಬೇಡಿ.

ಹೊರಗಿಂದ ಫೈಬರ್ ಕಂಡರೂ ಹೆಚ್ಚಿನ ಬೋಟುಗಳಲ್ಲಿ ಒಳಗೆ ಪ್ಲೈವುಡ್ ಇರ್ತದೆ. ಎಂಜಿನ್ ಬೋಲ್ಟಿನ ತೂತು, ತಳದ ನೀರು ಬಿಡೋ ಪ್ಲಗ್ಗಿನ ತೂತು, ಮತ್ಯಾರೋ ಏಣಿ ಹಾಕಲಿಕ್ಕೆ ಕೊರೆದ ತೂತು. ಅಲ್ಲಿ ಹಚ್ಚಿದ ಸಿಲಿಕಾನ್ ಎರಡು ವರ್ಷದಲ್ಲಿ ಬಿಟ್ಟುಕೊಳ್ತದೆ, ನೀರು ಒಳಗೆ ಹೋಗ್ತದೆ, ಹೊರಗೆ ಬರೋದಿಲ್ಲ. ಪ್ಲೈವುಡ್ ಕೊಳೆತು ಕೆಸರಾದರೂ ಮೇಲಿನ ಫೈಬರ್ ಚರ್ಮ ನೆಟ್ಟಗೆ ನಿಂತಿರ್ತದೆ. 40ರ ಟೂ ಸ್ಟ್ರೋಕ್ ಅಂದ್ರೆ 70-75 ಕೆಜಿ ಅಲ್ಲಿ ನೇತಾಡ್ತಾ ಇರ್ತದೆ. ಬರೀ ತೂಕ ಅಲ್ಲ, ಬೋಟನ್ನ ಮುಂದೆ ದೂಡೋ ಬಲ ಪೂರ್ತಿ ಆ ಹಲಗೆಯ ಮೇಲೆಯೇ ಬೀಳೋದು.

ಪರೀಕ್ಷೆ ಹೀಗೆ ಮಾಡಿ. ಎಂಜಿನ್ನನ್ನ ಅರ್ಧ ಎತ್ತಿ ನಿಲ್ಲಿಸಿ. ಒಬ್ಬರು ಕೆಳಗಿನ ಗೇರ್ ಕೇಸ್ ಹಿಡಿದು ಜೋರಾಗಿ ಮೇಲೆ ಕೆಳಗೆ ಜಗ್ಗಲಿ. ಇನ್ನೊಬ್ಬರು ಬ್ರಾಕೆಟ್ ಹಲಗೆಗೆ ಕೂತ ಜಾಗವನ್ನ ಹತ್ತಿರದಿಂದ ನೋಡಲಿ. ಹಲಗೆ ಒಳಗೆ ಹೊರಗೆ ಆಡಿದ್ರೆ ಮುಗೀತು, ಚಹಾ ಕುಡಿದು ವಾಪಸ್ ಬನ್ನಿ. ಬೋಲ್ಟಿನ ಸುತ್ತ ಜೇಡರ ಬಲೆಯ ಬಿರುಕು, ಹಲಗೆ ಮತ್ತು ಪಕ್ಕದ ಗೋಡೆ ಸೇರೋ ಮೂಲೆಯಲ್ಲಿ ಉದ್ದ ಬಿರುಕು, ಬೋಲ್ಟಿನ ವಾಷರ್ ಒಳಗೆ ಕುಸಿದು ಕೂತಿರೋದು, ಇವೆಲ್ಲ ಅದೇ ರೋಗದ ಗುರುತು. ಮಾರುವವರು ಒಪ್ಪಿದ್ರೆ ಕೆಳಗಿನ ಒಂದು ಬೋಲ್ಟ್ ಬಿಚ್ಚಿಸಿ. ಕಂದು ನೀರು ಸುರಿದ್ರೆ ಮತ್ತೆ ಯಾರನ್ನೂ ಕೇಳೋದು ಬೇಡ.

ಒಟ್ಟು ಹುಡುಕೋದು ಒಂದೇ: ಇರಬಾರದ ಜಾಗದಲ್ಲಿ ನೀರು ಇದೆಯಾ? ಹಲಗೆಯೊಳಗೆ, ನೆಲದಡಿಯ ಫೋಮಿನೊಳಗೆ, ಗೇರ್ ಆಯಿಲ್ಲಿನೊಳಗೆ, ಪೆಟ್ರೋಲ್ ಟ್ಯಾಂಕಿನೊಳಗೆ, ವಯರಿನೊಳಗೆ. ಬಣ್ಣ ಯಾರು ಬೇಕಾದ್ರೂ ಹೊಡೀತಾರೆ.

ಟೊಂಕಾ_ಗಿಲ್‌ನೆಟ್

ಮಿಸ್ತ್ರಿ ಅಣ್ಣಂಗೆ ಹಲಗೆ ಬಿಟ್ರೆ ಬೇರೆ ಕಾಣೋದಿಲ್ಲ. ಆದ್ರೆ ಮೂರೂಕಾಲು ಲಕ್ಷದಲ್ಲಿ ದೊಡ್ಡ ಪಾಲು ಎಂಜಿನ್ನಿಂದೇ ಅಲ್ವಾ ಮಾರಾಯ್ರೆ. ಹಲಗೆ ಊರಲ್ಲೇ ಮಾಡಿಸಬಹುದು. ಕ್ರ್ಯಾಂಕ್ ಹೋದ ಎಂಜಿನ್ ಎಲ್ಲಿ ಮಾಡಿಸ್ತೀರಿ, ಎಷ್ಟಕ್ಕೆ?

ಫೋನ್ ಮಾಡುವಾಗಲೇ ಹೇಳಿಬಿಡಿ, ನಾವು ಬರೋ ತನಕ ಎಂಜಿನ್ ಚಾಲೂ ಮಾಡಬೇಡಿ ಅಂತ. ಹೋದವರೇ ಮುಚ್ಚಳ ತೆಗೆದು ಸಿಲಿಂಡರ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ತಣ್ಣಗಿರುವಾಗ ಅದು ಹಠ ಮಾಡ್ತದೆ ಅಂತ ಲೆಕ್ಕ. ಹಾಗೇ ಕಣ್ಣು ಹಾಯಿಸಿ: ಸಿಲಿಂಡರ್ ಹೆಡ್ ಕಡೆ ಬಣ್ಣ ಸುಟ್ಟು ಕಪ್ಪಾಗಿದ್ರೆ ನೀರು ಓಡದೆ ಕಾದಿದೆ. ಒಂದಷ್ಟು ಬೋಲ್ಟ್ ತಲೆ ಮಾತ್ರ ಸ್ಪ್ಯಾನರ್ ತಾಗಿ ಹೊಳೀತಾ ಇದ್ರೆ ಬಿಚ್ಚಿ ಕಟ್ಟಿದ್ದಾರೆ, ಯಾಕೆ ಅಂತ ಕೇಳಿ. ಮೂಲೆ ಮೂಲೆಯಲ್ಲಿ ಬಿಳಿ ಉಪ್ಪು ಗಟ್ಟಿ ಕೂತಿದ್ರೆ ಒಂದೋ ಸಿಹಿನೀರಲ್ಲಿ ಯಾವತ್ತೂ ತೊಳೆದಿಲ್ಲ, ಇಲ್ಲವೋ ಎಂಜಿನ್ ಒಮ್ಮೆ ಮುಳುಗೆದ್ದಿದೆ.

ಆಮೇಲೆ ಗೇರ್ ಆಯಿಲ್. ಕೆಳಗಿನ ಸ್ಕ್ರೂ ಸ್ವಲ್ಪವೇ ಸಡಿಲ ಮಾಡಿ. ನಿಂತ ಎಂಜಿನ್ನಿನಲ್ಲಿ ನೀರು ಕೆಳಗೆ ಕೂತಿರ್ತದೆ, ಹಾಗಾಗಿ ಮೊದಲ ಹನಿಯಲ್ಲೇ ಗೊತ್ತಾಗ್ತದೆ. ಎಣ್ಣೆ ಬೆಳ್ಳಗೆ ಕದಡಿದ್ರೆ ಸೀಲ್ ಹೋಗಿದೆ. ಸ್ಕ್ರೂ ತುದಿಗೆ ಅಯಸ್ಕಾಂತ ಇದ್ದರೆ ಅದನ್ನೂ ನೋಡಿ, ಸಣ್ಣ ಪುಡಿ ಇದ್ದೇ ಇರ್ತದೆ, ಚೂರು ಇರಬಾರದು. ಸೀಲ್ ಹೋಗೋದು ಎಂತಕ್ಕೆ ಗೊತ್ತುಂಟಾ? ಫ್ಯಾನಿನ (ನೀರಲ್ಲಿ ತಿರುಗೋ ಪ್ರೊಪೆಲ್ಲರಿನ) ಹಿಂದೆ ಶಾಫ್ಟಿಗೆ ನೈಲಾನ್ ದಾರ ಸುತ್ತಿಕೊಂಡು ಒಳಗೆ ಕೊರೀತದೆ. ನಮ್ಮ ಕಡೆ ಬಲೆಯ ತುಂಡು ತೇಲದ ನೀರೇ ಇಲ್ಲ. ಒಂದು ಪಿನ್, ಒಂದು ನಟ್ ಅಷ್ಟೇಯ, ಫ್ಯಾನ್ ಬಿಚ್ಚಿಸಿ ನೋಡಿ. ಹಾಗೇ ಶಾಫ್ಟ್ ತಿರುಗಿಸಿದ್ರೆ ಬಾಗಿದೆಯೋ ಇಲ್ಲವೋ ಅದೂ ಕಾಣ್ತದೆ.

ನೀರಿನ ಹೊರಗೆ ಒಣ ಚಾಲೂ ಮಾಡಿ ತೋರಿಸ್ತೇನೆ ಅಂದ್ರೆ ಬೇಡ ಅನ್ನಿ. ಎಂಜಿನ್ ತಣ್ಣಗಿಡಲಿಕ್ಕೆ ನೀರೆಳೆಯೋ ಪಂಪಿನ ಒಳಗಿನ ರಬ್ಬರ್ ಚಕ್ರ, ಇಂಪೆಲ್ಲರ್, ನೀರಿಲ್ಲದೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟು ಹೋಗ್ತದೆ. ದೊಡ್ಡ ಡ್ರಮ್ಮಿನಲ್ಲಾದ್ರೂ ಇಳಿಸಲಿ. ಚಾಲೂ ಆದ ಮೇಲೆ ಪಕ್ಕದಿಂದ ನೀರಿನ ಸಣ್ಣ ಧಾರೆ ಹೊಡೀಬೇಕು, ಬಿಟ್ಟು ಬಿಟ್ಟು ಅಲ್ಲ, ಒಂದೇ ಸಮ.

ಇನ್ನೊಂದು. ಸೀಮೆಎಣ್ಣೆಯಲ್ಲಿ ಓಡಿಸಿದ ಎಂಜಿನ್ನೋ ಕೇಳಿ. ಸೀಮೆಎಣ್ಣೆಗೇ ಅಂತ ಕಂಪನಿ ಮಾಡಿದ್ದು ಬೇರೆ, ಪೆಟ್ರೋಲ್ ಎಂಜಿನ್ನಿಗೆ ಸೀಮೆಎಣ್ಣೆ ಕುಡಿಸಿದ್ದು ಬೇರೆ. ಎರಡನೇದ್ದರಲ್ಲಿ ಪಿಸ್ಟನ್ ಮೇಲೆ ಮಸಿ ಗಟ್ಟಿರ್ತದೆ.

ಸದಾಶಿವಗಡ_ದಡ

ಗೋವಾ ಜಲಕ್ರೀಡೆ ಬೋಟ್ ಅಂದ್ರಲ್ಲ, ಅದಕ್ಕೆ ಎರಡು ಮಾತು. ಅವು ಅಕ್ಟೋಬರಿನಿಂದ ಮೇ ತನಕ ಬೆಳಗಿಂದ ಸಂಜೆ ಒಂದೇ ಕೆಲಸ ಮಾಡ್ತವೆ: ಮರಳಿನ ಮೇಲೆ ಮೂತಿ ಹತ್ತಿಸು, ಜನ ಹತ್ತಿಸು, ಪೂರ್ತಿ ಎಕ್ಸಿಲರೇಟರ್ ಕೊಡು, ಮತ್ತೆ ಮರಳಿಗೆ ಬಾ. ಹಾಗಾಗಿ ಅಡಿಯ ನಡುಗೆರೆ ಮುಂಭಾಗದಲ್ಲಿ ಸವೆದು ಫೈಬರ್ ಎಳೆ ಕಂಡಿರ್ತದೆ, ಮಾರುವಾಗ ಅದರ ಮೇಲೆ ಪುಟ್ಟಿ ಬಳಿದಿರ್ತಾರೆ. ಬಾಳೆಹಣ್ಣು ಬೋಟ್ (ಜನ ಕೂರೋ ಗಾಳಿ ತುಂಬಿದ ಉದ್ದ ತೇಲು) ಎಳೆಯೋ ಕೊಕ್ಕೆಯ ಬುಡದಲ್ಲಿ ಬಿರುಕು ಇರ್ತದೆ. ಮರಳು ನೀರು ಕುಡಿದು ಕುಡಿದು ಪಂಪಿನ ಒಳಗೋಡೆ ಸವೆದಿರ್ತದೆ.

ವಯರಿಂಗ್ ಯಾರೂ ನೋಡೋದಿಲ್ಲ, ನೀವು ನೋಡಿ. ಬೋಟಿಗೆ ತವರ ಲೇಪಿಸಿದ ತಾಮ್ರದ ವಯರ್ ಬೇಕು. ಇಲ್ಲಿ ಸಿಕ್ಕಿದ್ದು ಹಾಕ್ತಾರೆ, ಕಾರಿಂದು, ಮನೆಯದ್ದು. ತುದಿಯಿಂದ ಒಂದಿಂಚು ಸುಲಿದ್ರೆ ಒಳಗೆ ತಾಮ್ರ ಕಪ್ಪೋ ಹಸಿರೋ ಆಗಿದ್ರೆ ಉಪ್ಪು ವಯರಿನ ಉದ್ದಕ್ಕೂ ಏರಿದೆ, ಪೂರ್ತಿ ಬದಲಿಸಬೇಕು. ಅದಕ್ಕೆ ಲಕ್ಷ ಬೇಡ, ಆದ್ರೆ ದರದಲ್ಲಿ ಇಳಿಸಿ ಕೇಳಲಿಕ್ಕೆ ಚಲೋ ಕಾರಣ. ತಳದ ನೀರಿನ ಪಂಪ್ ಕೈಯಲ್ಲಿ ತೇಲುಗುಂಡು ಎತ್ತಿದ ಕೂಡಲೇ ಓಡಬೇಕು.

ನೀರಲ್ಲಿ ಓಡಿಸದೆ ಮಾತ್ರ ದುಡ್ಡು ಕೊಡಬೇಡಿ. ಕಾಳಿ ಹೊಳೆಯಲ್ಲೇ ಓಡಿಸಿ, ಅಳಿವೆ ದಾಟಿ ಹೊರಗೆ ಹೋಗೋದು ಬೇಡ. ಅಳಿವೆಯ ಮರಳು ಪ್ರತಿ ವರ್ಷ ಜಾಗ ಬದಲಿಸ್ತದೆ, ಇಳಿತದ ಹೊತ್ತಿಗೆ ಅಲ್ಲಿ ಅಲೆ ಒಡೆಯೋದು ನೋಡಿದ್ರೆ ಸಾಕು. ದಕ್ಷಿಣಕ್ಕೆ ಬಿಣಗಾ, ಅರ್ಗಾ ಕಡೆ ನೌಕಾನೆಲೆ, ಅತ್ತ ತಲೆ ಹಾಕಬೇಡಿ. ಒಬ್ಬರೇ ಕೂತು ಓಡಿಸಿದ್ರೆ ಎಲ್ಲ ಬೋಟೂ ಹಾರ್ತದೆ. ನಿಮ್ಮ ಮನೆಮಂದಿಯಷ್ಟು ತೂಕ ಹಾಕಿ ಓಡಿಸಿ. ಪೂರ್ತಿ ಎಕ್ಸಿಲರೇಟರಿನಲ್ಲಿ ಕಂಪನಿ ಹೇಳಿದ ಆರ್‌ಪಿಎಂ ಮುಟ್ಟಬೇಕು. ಮುಟ್ಟದಿದ್ರೆ ಎಂಜಿನ್ ಸೋತಿದೆ, ಇಲ್ಲ ಫ್ಯಾನ್ ತಪ್ಪು ಅಳತೆಯದ್ದು, ಇಲ್ಲ ಬೋಟು ಒಳಗೊಳಗೆ ನೀರು ಕುಡಿದು ಭಾರ ಆಗಿದೆ.

ಘಟ್ಟದ_ಮೇಲಿನವ

ಮಿಸ್ತ್ರಿಗಳೇ, ಟೊಂಕಾದವರೇ, ಎಲ್ಲರಿಗೂ ಉಪಕಾರ ಆಯ್ತು. ಈ ನೆಲದಡಿಯ ಫೋಮ್ ಅಂತ ಹೇಳಿದ್ರಿ. ಅದು ಮುಚ್ಚಿಯೇ ಇರ್ತದೆ, ಒದ್ದೆ ಆಗಿದೆ ಅಂತ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಮತ್ತೆ ಅಡಿಗೆ ಹೊಸ ಬಣ್ಣ ಹೊಡೆದಿದ್ದೇವೆ ಅಂತ ಅವರೇ ಹೆಮ್ಮೆಯಲ್ಲಿ ಹೇಳಿದ್ರು. ಅದು ಒಳ್ಳೆಯದಾ ಕೆಟ್ಟದ್ದಾ?

ಬೈತಖೋಲ್_ಮಿಸ್ತ್ರಿ

ಮಾರುವ ಮುಂಚೆ ಹೊಡೆದ ಬಣ್ಣ ನನಗೆ ಯಾವತ್ತೂ ಒಳ್ಳೆಯದಾಗಿ ಕಂಡಿಲ್ಲ. ಫೈಬರ್ ವರ್ಷಗಟ್ಟಲೆ ನೀರಲ್ಲೇ ಕೂತ್ರೆ ಮೇಲಿನ ನುಣುಪು ಪದರದ, ಅಂದ್ರೆ ಜೆಲ್‌ಕೋಟ್ ಅಡಿಯಲ್ಲಿ ಗುಳ್ಳೆ ಏಳ್ತದೆ. ಒಂದನ್ನ ಚುಚ್ಚಿದ್ರೆ ಹುಳಿ ವಾಸನೆಯ ನೀರು ಬರ್ತದೆ, ವಿನೆಗರ್ ವಾಸನೆ. ಅಲ್ಲೊಂದು ಇಲ್ಲೊಂದು ಇದ್ರೆ ಹೆದರೋದು ಬೇಡ, ದರ ಇಳಿಸಿ. ಅಡಿ ತುಂಬ ಇದ್ರೆ ಬಿಡಿ. ಬಣ್ಣ ಇದನ್ನ ಮುಚ್ಚಬಹುದು, ಆದ್ರೆ ಬಿಸಿಲು ಓರೆಯಾಗಿ ಬೀಳುವಾಗ ಬೋಟಿನ ಪಕ್ಕ ಕೂತು ಅಡಿಯ ಉದ್ದಕ್ಕೂ ಕಣ್ಣು ಹಾಯಿಸಿದ್ರೆ ಉಬ್ಬು ತಗ್ಗು ಕಂಡೇ ಕಾಣ್ತದೆ.

ಆಮೇಲೆ ತೆಂಗಿನಕಾಯಿ ತಟ್ಟಿ ನೋಡಿದ ಹಾಗೆ ತಟ್ಟಿ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿ ಸಾಕು. ಗಟ್ಟಿ ಫೈಬರ್ ಟಣ್ ಅಂತದೆ, ಪದರ ಬಿಟ್ಟ ಕಡೆ, ಒಳಗೆ ಕೊಳೆತ ಕಡೆ ಡಬ್ ಅಂತದೆ. ಒಂದು ಚೌಕ ಅಡಿ ಬಿಡದೆ ತಟ್ಟುತ್ತಾ ಹೋಗಿ, ಸದ್ದು ಬದಲಾದಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗುರುತು ಎಲ್ಲಿ ಒಟ್ಟಾಗ್ತದೆ ನೋಡಿ. ನಾನು ಮೊದಲು ತಟ್ಟೋದು ಟ್ರಾನ್ಸಮ್ಮಿನ ಕೆಳಗಿನ ಮೂಲೆ. ಕಟ್ಟಡದ (ಬೋಟಿನ ಒಡಲಿನ) ಒಳಗೆ ಉದ್ದಕ್ಕೂ ಹೋಗೋ ತೊಲೆ ಇದ್ದ ಕಡೆಯೂ ತಟ್ಟಿ, ಹಳೆ ಬೋಟಿನಲ್ಲಿ ಅವೂ ಮರದ್ದೇ, ಮೇಲೆ ಫೈಬರ್ ಹೊದಿಸಿದ್ದು.

ಫೋಮ್ ಒದ್ದೆ ಆಗಿದೆಯಾ ತಿಳೀಲಿಕ್ಕೆ ಸುಲಭದ್ದು ತೂಕ. ಹೇಗೂ ಟೆಂಪೊದಲ್ಲಿ ತಾನೇ ಸಾಗಿಸೋದು, ದುಡ್ಡು ಕೊಡೋ ಮುಂಚೆ ವೇಬ್ರಿಡ್ಜಿಗೆ ಹತ್ತಿಸಿ. ಖಾಲಿ ಟೆಂಪೊ ಕಳೆದ್ರೆ ಬೋಟಿನ ತೂಕ. ಎಂಜಿನ್, ಬ್ಯಾಟರಿ, ಎಣ್ಣೆ ಲೆಕ್ಕ ಬಿಟ್ಟು, ಕಟ್ಟಿದವರು ಹೇಳಿದ್ದಕ್ಕಿಂತ ನೂರಿನ್ನೂರು ಕೆಜಿ ಜಾಸ್ತಿ ಬಂದ್ರೆ ಅದು ನೀರು. ನೆಲದ ಮೇಲೆ ಬರಿಗಾಲಲ್ಲಿ ಹಿಮ್ಮಡಿ ಊರಿ ನಡೀರಿ, ಮೆತ್ತಗೆ ಕುಸಿದ ಜಾಗ ಹಿಮ್ಮಡಿಗೆ ಗೊತ್ತಾಗ್ತದೆ.

ಮಳೆಗಾಲ ಎಲ್ಲಿ ಕಳೆದಿದೆ ಅಂತ ಖಂಡಿತ ಕೇಳಿ. ನಮ್ಮ ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಮಡ್ಲಿನ (ಹೆಣೆದ ತೆಂಗಿನ ಗರಿಯ) ಚಪ್ಪರದಡಿ, ಮೂತಿ ಎತ್ತರ ಮಾಡಿ, ಪ್ಲಗ್ ಬಿಚ್ಚಿ ಇಟ್ಟಿದ್ರೆ ಹದಿನೈದು ವರ್ಷದ ಬೋಟೂ ಗಟ್ಟಿ ಇರ್ತದೆ. ಪ್ಲಗ್ ಹಾಕಿಯೇ ಬಯಲಲ್ಲಿ ಬಿಟ್ಟಿದ್ರೆ ಒಂದೇ ಮಳೆಗಾಲ ಸಾಕು ಹಾಳು ಮಾಡಲಿಕ್ಕೆ. ಸಮುದ್ರಕ್ಕಿಂತ ನಿಂತ ಮಳೆನೀರೇ ಪ್ಲೈವುಡ್ಡನ್ನ ಬೇಗ ಕೊಳೆಸೋದು. ಇದನ್ನ ಹೇಳಿದ್ರೆ ಯಾರೂ ನಂಬೋದಿಲ್ಲ.

ಬೇಲೆಕೇರಿ_ಮರದೋಣಿ

ಫೈಬರ್ ಫೈಬರ್ ಅಂತ ಇಷ್ಟೆಲ್ಲ ಭಯ ಬೀಳೋದಕ್ಕಿಂತ ಚಲೋ ಮರದ ದೋಣಿ ತಗೊಳ್ಳಿ. ಕೊಳೆತ ಹಲಗೆ ಕಣ್ಣಿಗೆ ಕಾಣ್ತದೆ, ಆ ಒಂದು ಹಲಗೆ ಬದಲಿಸಿದ್ರೆ ಆಯ್ತು.

ಟೊಂಕಾ_ಗಿಲ್‌ನೆಟ್

ಕಾಣೋದು ಕೊಳೆತದ್ದು. ಹಡಗುಹುಳ ಕೊರೆದದ್ದು ಕಾಣ್ತದಾ? ಹೊರಗೆ ಗುಂಡುಸೂಜಿ ತಲೆಯಷ್ಟು ತೂತು, ಒಳಗೆ ಬೆರಳು ಹೋಗೋ ಸುರಂಗ. ಅಘನಾಶಿನಿಯ ಉಪ್ಪುನೀರಲ್ಲಿ ಕಟ್ಟಿ ಹಾಕಿದ ಮರದ ದೋಣಿಯನ್ನ ವರ್ಷಾ ವರ್ಷ ದಡಕ್ಕೆಳೆದು, ಒಣಗಿಸಿ, ಸಂದಿಗೆ ಹತ್ತಿ ತುಂಬಿ, ಎಣ್ಣೆ ಹಚ್ಚೋರು ಯಾರು? ಶಿರಸಿಯವರು ತೋಟ ಬಿಟ್ಟು ಬರ್ತಾರಾ?

ಬೇಲೆಕೇರಿ_ಮರದೋಣಿ

ಹಚ್ಚೋ ಕೈ ಇನ್ನೂ ಇವೆ ನಮ್ಮಲ್ಲಿ. ಇರಲಿ, ಅವರು ಕೇಳಿದ್ದು ಫೈಬರಿನ ವಿಷಯ, ನಾನು ಸುಮ್ಮನಿರ್ತೆ.

ತದಡಿ_ಅಕ್ಕ

ಇಷ್ಟು ಮಂದಿ ಸುತ್ತಿಗೆ, ಗೇಜು ಎಲ್ಲ ಹಿಡ್ಕೊಂಡು ಬಂದ್ರಿ, ಕಾಗದ ಒಬ್ಬರೂ ಕೇಳಲಿಲ್ಲ. ಮೀನುಗಾರರ ಅರ್ಜಿ ತುಂಬಿ ಕೊಡೋದೇ ನನ್ನ ಕೆಲಸ, ಆದ್ದರಿಂದ ಹೇಳ್ತೇನೆ.

ತಮ್ಮಾ, ಮೊದಲು ಆ ಬೋಟು ಯಾವ ಲೆಕ್ಕದಲ್ಲಿ ನೋಂದಣಿ ಆಗಿದೆ ಕೇಳು. ಮೀನುಗಾರಿಕೆ ದೋಣಿ ಆದ್ರೆ ಮೀನುಗಾರಿಕೆ ಇಲಾಖೆಯಲ್ಲಿ, ಈಗ ರಿಯಲ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ಇರ್ತದೆ, ಬೋಟಿನ ಮೇಲೆ ಐಎನ್‌ಡಿ-ಕೆಎ ಅಂತ ಶುರುವಾಗೋ ಸಂಖ್ಯೆ ಬರೆದಿರ್ತಾರೆ. ಅಂಥ ದೋಣಿಯಲ್ಲಿ ಮೀನು ಹಿಡೀಬಹುದು, ದುಡ್ಡು ತಗೊಂಡು ಅತಿಥಿಗಳನ್ನ ಕೂರಿಸೋ ಹಾಗಿಲ್ಲ. ನಿಂದು ಗೋವಾ ಬೋಟು. ಅಲ್ಲಿ ಇಂಥವು ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯಲ್ಲಿ ನೋಂದಣಿ ಆಗೋದು. ಅಲ್ಲಿಂದ ನಿರಾಕ್ಷೇಪಣಾ ಪತ್ರ ತರದೆ ಇಲ್ಲಿ ನಿನ್ನ ಹೆಸರಿಗೆ ಆಗೋದು ಕಷ್ಟ. ಗಡಿಯ ಮಾಜಾಳಿ ದಾಟಿ ಬಂದದ್ದಕ್ಕೆ ಕಾಗದ ಇದೆಯೋ ಇಲ್ಲವೋ ಅದೇ ಮೊದಲ ಪ್ರಶ್ನೆ.

ಹೊಳೆಯಲ್ಲಿ ಮೋಟಾರ್ ಬೋಟ್ ಓಡಿಸಲಿಕ್ಕೆ 2021ರ ಒಳನಾಡು ಹಡಗು ಕಾಯ್ದೆ ಇದೆ. ನೋಂದಣಿ, ತಪಾಸಣೆ ಪ್ರಮಾಣಪತ್ರ, ವಿಮೆ ಎಲ್ಲ ಕೇಳ್ತದೆ. ಎಷ್ಟು ಜನ ಕೂರಬಹುದು ಅನ್ನೋದನ್ನ ಬರೆದುಕೊಡ್ತಾರೆ. ಕಾರವಾರದ ಬಂದರು ಇಲಾಖೆ ಕಚೇರಿಗೆ ಒಂದು ಸಲ ಹೋಗಿ, ಬೋಟು ತಗೊಳ್ಳೋ ಮುಂಚೆಯೇ, ಇಂಥ ಅಳತೆಯ ಬೋಟಿಗೆ ಪ್ರವಾಸಿ ಪರವಾನಗಿಗೆ ಎಂತ ಬೇಕು ಅಂತ ಕೇಳಿಕೊಂಡು ಬಾ. ಕೂರ್ಮಗಡ ಜಾತ್ರೆಯಿಂದ ಬರುವಾಗ 2019ರ ಜನವರಿ 21ರಂದು ದೋಣಿ ಮಗುಚಿ 16 ಜನ ಹೋದರು. ಜನ ಜಾಸ್ತಿ ಹತ್ತಿಸಿದ್ದರು ಅನ್ನೋದೇ ಆವಾಗಿನ ದೊಡ್ಡ ಮಾತು. ಅದನ್ನ ಕಂಡವರು ಈ ಸಂಖ್ಯೆಯ ವಿಷಯದಲ್ಲಿ ಸಡಿಲ ಬಿಡೋದಿಲ್ಲ, ಬಿಡಬಾರದು.

ಮತ್ತೆ, ಎಂಜಿನ್ನಿನ ನಂಬರ್ ತಟ್ಟೆ ಬ್ರಾಕೆಟ್ ಮೇಲೆ ಇರ್ತದೆ. ಅದನ್ನ ಕೆರೆದಿದ್ದಾರೋ, ತಟ್ಟೆ ಕಿತ್ತು ಹೊಸದು ಹೊಡೆದಿದ್ದಾರೋ ನೋಡು. ಬಿಲ್ಲಿನ ನಂಬರಿಗೆ ತಾಳೆ ಆಗಬೇಕು. ಬ್ಯಾಂಕ್ ಸಾಲ ಇದ್ರೆ ತೀರಿಸಿದ ಪತ್ರ ಬೇಕು. ಬಾಯಿಮಾತಿನ ಎಂಜಿನ್ ಯಾವ ದಿನ ಯಾರು ಬಂದು ನಮ್ಮದು ಅಂತಾರೋ ಗೊತ್ತಿಲ್ಲ.

ಮುರುಡೇಶ್ವರ_ನೇತ್ರಾಣಿ

ಅಕ್ಕ ಹೇಳಿದ ಮೇಲೆ ಉಳಿದದ್ದು ಎಣ್ಣೆ ಟ್ಯಾಂಕ್ ಒಂದೇ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ 20 ಪರ್ಸೆಂಟ್ ತನಕ ಇದೆ, ಅದು ನಮ್ಮ ಕರಾವಳಿಯ ಹವೆಯಿಂದ ನೀರು ಎಳ್ಕೊಳ್ತದೆ. ಜಾಸ್ತಿಯಾದ್ರೆ ಎಥೆನಾಲ್ ಮತ್ತು ನೀರು ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳೀತದೆ, ಎಂಜಿನ್ ಮೊದಲು ಎಳೆಯೋದು ಅದನ್ನೇ. 2011ರ ಬೋಟಿನ ರಬ್ಬರ್ ಪೈಪು ಇಂಥ ಪೆಟ್ರೋಲಿಗೆ ಮಾಡಿದ್ದಾಗಿರೋದು ಅನುಮಾನ. ಬೆರಳಲ್ಲಿ ಮಡಚಿ ನೋಡಿ, ಬಿರುಕು ಕಂಡ್ರೆ ಅಥವಾ ಅಂಟಂಟಾದ್ರೆ ಎಲ್ಲ ಬದಲಿಸಿ. ಟ್ಯಾಂಕಿನ ತಳದ ಪೆಟ್ರೋಲನ್ನ ಗಾಜಿನ ಬಾಟ್ಲಿಗೆ ತೆಗೆದು ಸ್ವಲ್ಪ ಹೊತ್ತು ಇಟ್ರೆ ಎರಡು ಪದರ ಆಗ್ತದೋ ಇಲ್ಲವೋ ಕಣ್ಣಿಗೇ ಕಾಣ್ತದೆ. ನೀರು ಬೇರ್ಪಡಿಸೋ ಫಿಲ್ಟರ್ ಇಲ್ಲದಿದ್ರೆ ಹಾಕಿಸಿ.

ಸತುವಿನ ತುಂಡನ್ನೂ ನೋಡಿ, ಗೇರ್ ಕೇಸ್ ಬಳಿ ಬೋಲ್ಟ್ ಹಾಕಿರ್ತಾರೆ, ಆನೋಡ್. ಅದು ತಾನು ಸವೆದು ಎಂಜಿನ್ ಉಳಿಸೋದು. ಅರ್ಧ ಸವೆದಿದ್ರೆ ಖುಷಿ ಪಡಿ. ಅದರ ಮೇಲೆ ಬಣ್ಣ ಬಳಿದಿದ್ರೆ ಅದು ಕೆಲಸವೇ ಮಾಡೋದಿಲ್ಲ, ಅದರ ಬದಲು ಗೇರ್ ಕೇಸೇ ಸವೆದಿರ್ತದೆ.

ಘಟ್ಟದ_ಮೇಲಿನವ

ನೋಡಿಕೊಂಡು ಬಂದೆವು. ಭಾವ, ನಾನು, ಜೊತೆಗೆ ಕುಮಟಾದ ಒಬ್ಬ ಮೆಕ್ಯಾನಿಕ್ ಹುಡುಗ.

ಚಾಲೂ ಮಾಡಬೇಡಿ ಅಂತ ಹೇಳಿದ್ದರೂ ಎಂಜಿನ್ ಬೆಚ್ಚಗಿತ್ತು. ನಿಮಗೆ ಕಾಯಿಸೋದು ಬೇಡ ಅಂತ ರೆಡಿ ಮಾಡಿದ್ದು ಅಂದ್ರು. ಗೇರ್ ಆಯಿಲ್ ಸ್ವಚ್ಛ ಇತ್ತು. ಫ್ಯಾನಿನ ಹಿಂದೆ ದಾರ ಇತ್ತು, ಆದ್ರೆ ಸೀಲಿನ ತನಕ ಹೋಗಿರಲಿಲ್ಲ. ಕಂಪ್ರೆಷನ್, ಅಂದ್ರೆ ಸಿಲಿಂಡರಿನೊಳಗಿನ ಒತ್ತಡ, ಹುಡುಗ ಅಳೆದ: ಒಂದು ಸಿಲಿಂಡರ್ 118, ಇನ್ನೊಂದು 92. ಅವನ ಮುಖ ಸಪ್ಪಗಾಯ್ತು.

ಹಲಗೆ ಜಗ್ಗಿದೆವು. ಆಡಿದ್ದು ಅಂತ ನನಗೆ, ಇಲ್ಲ ಅಂತ ಭಾವನಿಗೆ. ಎಡಗಡೆ ಕೆಳಗಿನ ಬೋಲ್ಟಿನ ವಾಷರ್ ಮಾತ್ರ ಫೈಬರಿನೊಳಗೆ ಸುಮಾರು ಇಳಿದಿದೆ. ತಟ್ಟಿದಾಗ ಅಲ್ಲೇ ಡಬ್ ಅಂತ ಸದ್ದು, ಸೀಮೆಸುಣ್ಣದ ಗುರುತು ಅಂಗೈ ಎರಡರಷ್ಟು ಅಗಲ ಆಯ್ತು. ಬೋಲ್ಟ್ ಬಿಚ್ಚಲಿಕ್ಕೆ ಒಪ್ಪಲಿಲ್ಲ. ಹಾಗಾದ್ರೆ ಎಂಜಿನ್ನೂ ಹೋಯ್ತು, ಹಲಗೆಯೂ ಹೋಯ್ತು ಅಂತ ತಿಳ್ಕೊಳ್ಳೋದಾ?

ಟೊಂಕಾ_ಗಿಲ್‌ನೆಟ್

ತಡೀರಿ. 118, 92 ಅಂದ್ರೆ ಕೆಟ್ಟದ್ದೇ, ಎರಡರ ನಡುವೆ ಹತ್ತು ಪರ್ಸೆಂಟಿನ ಮೇಲೆ ವ್ಯತ್ಯಾಸ ಇರಬಾರದು. ಆದ್ರೆ ಹೇಗೆ ಅಳೆದ್ರು ಅನ್ನೋದು ಮುಖ್ಯ. ಎರಡೂ ಪ್ಲಗ್ ಬಿಚ್ಚಿದ್ರಾ? ಎಕ್ಸಿಲರೇಟರ್ ಪೂರ್ತಿ ತೆರೆದು ಹಿಡಿದಿದ್ರಾ? ಹಗ್ಗ ಎಳೆದು ಅಳೆಯೋದಾದ್ರೆ ಗೇಜಿನ ಮುಳ್ಳು ಇನ್ನು ಏರೋದಿಲ್ಲ ಅನ್ನೋ ತನಕ ಎಳೀಬೇಕು. ಎರಡನೇ ಸಿಲಿಂಡರಿಗೆ ಬರುವಾಗ ಎಳೆಯೋನ ಕೈ ಸೋತಿರ್ತದೆ, ಅಲ್ಲೇ ಮೋಸ ಆಗೋದು.

ಘಟ್ಟದ_ಮೇಲಿನವ

ಪ್ಲಗ್ ಒಂದೊಂದೇ ಬಿಚ್ಚಿ ಅಳೆದದ್ದು. ಎಕ್ಸಿಲರೇಟರ್ ಯಾರೂ ಹಿಡಿದಿರಲಿಲ್ಲ.

ಬೈತಖೋಲ್_ಮಿಸ್ತ್ರಿ

ಹಾಗಾದ್ರೆ ಆ ಲೆಕ್ಕ ಬರೆದ ಚೀಟಿ ಹರಿದು ಹಾಕಿ. ಎಂಜಿನ್ ಕಾಯಿಸಿ, ಎರಡೂ ಪ್ಲಗ್ ತೆಗೆದು, ಎಂಜಿನ್ ಆರಿಸೋ ಕಿಲ್ ಸ್ವಿಚ್ಚಿನ ದಾರ ಎಳೆದಿಟ್ಟು, ಎಕ್ಸಿಲರೇಟರ್ ಪೂರ್ತಿ ತೆರೆದು ಮತ್ತೆ ಅಳೆಯಿರಿ. ಬೇಕಿದ್ರೆ ಗೇಜ್ ಹಿಡ್ಕೊಂಡು ನಾನೇ ಬರ್ತೇನೆ, ಬೈತಖೋಲಿಂದ ದೂರ ಎಂತ ಇಲ್ಲ.

ವಾಷರ್ ಇಳಿದ ವಿಷಯ ಮಾತ್ರ ನನಗೆ ಅಳತೆ ಬೇಡ. ಗಟ್ಟಿ ಪ್ಲೈವುಡ್ಡಿನ ಮೇಲೆ ವಾಷರ್ ಇಳಿಯೋದಿಲ್ಲ.

ಘಟ್ಟದ_ಮೇಲಿನವ

ಮಿಸ್ತ್ರಿಗಳು ಬಂದರು, ದೊಡ್ಡ ಉಪಕಾರ. ಈ ಸಲ 117, 113. ಕಾಳಿಯಲ್ಲಿ ಓಡಿಸಿಯೂ ನೋಡಿದೆವು, ಆರು ಜನ ಕೂತು. ಎಂಜಿನ್ ಬಗ್ಗೆ ಅವರು ಒಂದೇ ಮಾತು ಹೇಳಿದ್ದು, ಚಲೋ ಅದೆ ಅಂತ. ತಿರುಗಿ ಬಂದ ಮೇಲೆ ಮಾರುವವರನ್ನ ಒಪ್ಪಿಸಿ ಹಲಗೆಗೆ ಒಳಗಡೆಯಿಂದ ಮೇಲೊಂದು ಕೆಳಗೊಂದು ಸಣ್ಣ ತೂತು ಕೊರೆದರು. ಮೇಲಿನ ತೂತಿನಿಂದ ಒಣ ಪುಡಿ ಬಂತು. ಕೆಳಗಿನದ್ದರಿಂದ ಕಪ್ಪು ಕೆಸರು, ವಾಸನೆ ಬೇರೆ. ಈಗ ಎಂತ ಮಾಡೋದು? ರಿಪೇರಿ ಆಗ್ತದಾ?

ಬೈತಖೋಲ್_ಮಿಸ್ತ್ರಿ

ಆಗ್ತದೆ. ಎಂಜಿನ್ ಇಳಿಸಿ, ಒಳಗಿನ ಫೈಬರ್ ಚರ್ಮ ಕೊಯ್ದು, ಕೊಳೆತ ಪ್ಲೈವುಡ್ ಎಲ್ಲ ಕೆರೆದು ತೆಗೆದು, ಹೊರಚರ್ಮ ಪೂರ್ತಿ ಒಣಗಿಸಿ, ಐಎಸ್ 710 ಮುದ್ರೆಯ ಮೆರೀನ್ ಪ್ಲೈವುಡ್ ಎಪಾಕ್ಸಿಯಲ್ಲಿ ಕೂರಿಸಿ, ಮತ್ತೆ ಫೈಬರ್ ಹೊದಿಸಬೇಕು. ಮೂಲೆಯಿಂದ ತೊಲೆಗೂ ಕೊಳೆ ಹರಡಿದ್ರೆ ನೆಲವೂ ಕೀಳಬೇಕು, ಅದು ಬಿಚ್ಚೋ ತನಕ ಯಾರಿಗೂ ಹೇಳಲಿಕ್ಕೆ ಬರೋದಿಲ್ಲ. ಅಂಗಡಿಯಲ್ಲಿ ಮೆರೀನ್ ಅಂತ ಹೇಳಿ ಬೇರೆ ಪ್ಲೈ ಕೊಡ್ತಾರೆ, ಮುದ್ರೆ ನೋಡಿ. ಈಗ ಏಪ್ರಿಲ್ ಮುಗೀತಾ ಬಂತು. ಒಣಗಲಿಕ್ಕೆ ಬಿಸಿಲು ಬೇಕು, ಮಳೆ ಶುರುವಾದ್ರೆ ಫೈಬರ್ ಕೆಲಸ ಸೆಪ್ಟೆಂಬರ್ ದಾಟೋ ತನಕ ನಾನಂತೂ ಮುಟ್ಟೋದಿಲ್ಲ.

ಟೊಂಕಾ_ಗಿಲ್‌ನೆಟ್

ನನ್ನ ಮಾತು ಕೇಳಿದ್ರೆ, ಎಂಜಿನ್ ಮಾತ್ರ ಕೇಳಿ. ಕಟ್ಟಡ ಅವರೇ ಇಟ್ಕೊಳ್ಳಲಿ. ಅಘನಾಶಿನಿಯಲ್ಲಿ ಓಡಿಸಲಿಕ್ಕೆ ಹೊಸ ಫೈಬರ್ ಕಟ್ಟಡ ಮಳೆಗಾಲದಲ್ಲಿ ಆರ್ಡರ್ ಕೊಟ್ರೆ ಹಂಗಾಮು ಶುರುವಾಗೋ ಹೊತ್ತಿಗೆ ಸಿಗ್ತದೆ, ಅಳತೆಯೂ ನಿಮ್ಮದೇ, ಕಾಗದವೂ ಮೊದಲಿಂದಲೇ ನಿಮ್ಮ ಹೆಸರಿಗೆ. ಗೋವಾ ನೋಂದಣಿಯ ತಲೆಬಿಸಿ ಇಲ್ಲ.

ಬೈತಖೋಲ್_ಮಿಸ್ತ್ರಿ

ಇದಕ್ಕೆ ನನ್ನದೂ ಒಪ್ಪಿಗೆ ಅದೆ. ಟೊಂಕಾದವರ ಜೊತೆ ನಾನು ಒಪ್ಪಿದ್ದನ್ನ ಯಾರಾದ್ರೂ ಬರೆದಿಡಿ.

ಸದಾಶಿವಗಡ_ದಡ

ಹೊಸ ಕಟ್ಟಡಕ್ಕೆ ಹೇಳುವ ಮುಂಚೆ ಎಂಜಿನ್ನಿನ ಶಾಫ್ಟ್ ಉದ್ದ ಅಳೆಯಿರಿ. 15 ಇಂಚು, 20 ಇಂಚು ಅಂತ ಬರ್ತದೆ. ಹಲಗೆಯ ಎತ್ತರ ಅದಕ್ಕೆ ಸರಿಯಾಗಿ ಕೊಯ್ಯಬೇಕು, ಫ್ಯಾನಿನ ಮೇಲಿನ ಅಗಲ ತಟ್ಟೆ ಬೋಟಿನ ಅಡಿಯ ಮಟ್ಟಕ್ಕೆ ಬರೋ ಹಾಗೆ. ಎತ್ತರ ಹೆಚ್ಚಾದ್ರೆ ಫ್ಯಾನ್ ಗಾಳಿ ಕಡೀತದೆ. ತಗ್ಗಾದ್ರೆ ನೀರು ಹಾರಿ ಹಾರಿ ಒಳಗೆ ಬರ್ತದೆ, ಎಣ್ಣೆಯೂ ಜಾಸ್ತಿ ಕುಡೀತದೆ. ಮುಂದೆ ಫೋರ್ ಸ್ಟ್ರೋಕ್ ಹಾಕೋ ಯೋಚನೆ ಇದ್ರೆ ಈಗಲೇ ಹೇಳಿ, ಅದೇ 40 ಎಚ್‌ಪಿ ಸುಮಾರು 100 ಕೆಜಿ ತೂಗ್ತದೆ, ಹಲಗೆ ದಪ್ಪ ಬೇಕು.

ತದಡಿ_ಅಕ್ಕ

ಎಂಜಿನ್ ಬಿಡಿಯಾಗಿ ಮಾರಿದ್ದಕ್ಕೆ ಪ್ರತ್ಯೇಕ ಬರಹ ಬೇಕು, ನಂಬರ್ ಸಮೇತ. ಹಳೆ ಬಿಲ್ಲಿನ ಮೂಲ ಪ್ರತಿಯೂ ಬೇಕು. ಜೆರಾಕ್ಸ್ ಕೊಟ್ರೆ ತಗೋಬೇಡ.

ಘಟ್ಟದ_ಮೇಲಿನವ

ಮೊದಲು ಎಂಜಿನ್ ಬಿಡಿ ಕೊಡೋದಿಲ್ಲ ಅಂದ್ರು. ಹಲಗೆಯ ಕೆಸರು ಅವರೂ ಕಣ್ಣಾರೆ ಕಂಡಿದ್ದರಲ್ಲ, ಸಂಜೆ ಅವರೇ ಫೋನ್ ಮಾಡಿದ್ರು. ಎಣ್ಣೆ ಟ್ಯಾಂಕ್ ಸೇರಿಸಿ ಒಂದು ಲಕ್ಷ ನಲವತ್ತಕ್ಕೆ ಒಪ್ಪಿಗೆ ಆಯ್ತು. ಮೂಲ ಬಿಲ್ ನೋಡಿದೆ, ನಂಬರ್ ತಾಳೆ ಆಗ್ತದೆ. ಶಾಫ್ಟ್ 20 ಇಂಚು. ಭಾವ ಬಂದರು ಇಲಾಖೆ ಕಚೇರಿಗೆ ಹೋಗಿ ಬೇಕಾದ ಕಾಗದಗಳ ಪಟ್ಟಿ ತಂದಿದ್ದಾನೆ, ಅಕ್ಕಾ, ಅದರ ಫೋಟೊ ನಿಮಗೆ ಕಳಿಸ್ತೇನೆ, ಒಮ್ಮೆ ನೋಡಿ. ಭಾನುವಾರ ಪಿಕಪ್ ತಗೊಂಡು ಬರ್ತೇವೆ. ಎಂಜಿನ್ ಮಲಗಿಸಿ ತರಬಹುದಾ?

ಬೈತಖೋಲ್_ಮಿಸ್ತ್ರಿ

ಟೂ ಸ್ಟ್ರೋಕ್ ಆದ್ದರಿಂದ ಮಲಗಿಸಬಹುದು. ಆದ್ರೆ ಮೊದಲು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ ಒಳಗಿನ ನೀರೆಲ್ಲ ಇಳಿಸಿ. ಮಲಗಿಸುವಾಗ ಸಿಲಿಂಡರ್ ಕಡೆ ಯಾವತ್ತೂ ಎತ್ತರದಲ್ಲಿರಲಿ, ಫ್ಯಾನಿನ ಕಡೆ ತಗ್ಗಿರಲಿ. ತಿರುಗಾಮುರುಗಾ ಆದ್ರೆ ಉಳಿದ ಉಪ್ಪುನೀರು ಸಿಲಿಂಡರಿಗೆ ಇಳೀತದೆ. ಕಾರ್ಬೊರೇಟರಿನ ಪೆಟ್ರೋಲ್ ಖಾಲಿ ಮಾಡಿ. ಅಡಿಗೆ ಎರಡು ಹಳೆ ಟೈರ್ ಹಾಕಿ, ಅಂಕೋಲಾ ದಾಟಿದ ಮೇಲೆ ಹಗ್ಗ ಸಡಿಲ ಆಗಿದೆಯಾ ಒಮ್ಮೆ ಇಳಿದು ನೋಡಿ.